ಮುಚ್ಚಿಟ್ಟ ಹಾರ್ಮೋನಿಯಂ

೨೦೨೫ರ ನವೆಂಬರ್ ೧೭, ಕಡೆಯ ಕಾರ್ತಿಕ ಸೋಮವಾರ. ಸಂಜೆ ಐದೂ ಹತ್ತಕ್ಕೆ ಆಂಧ್ರದ ಆದವಾನಿ ಪಟ್ಟಣದ ಠಾಣೆಯ ಮೆಟ್ಟಿಲು ಹತ್ತಿ ಇಬ್ಬರು ಬಂದರು. ಮುಂದಿದ್ದವನು ವಾಗೀಶ್, ಹತ್ತಿ ಮಂಡಿಯವರ ಮಗ; ಹಣೆಯಲ್ಲಿ ವಿಭೂತಿ, ಕೊರಳಲ್ಲಿ ದೊಡ್ಡ ಹೆಡ್‌ಫೋನು. ಹಿಂದಿದ್ದವಳು ರಾಮಲಕ್ಷ್ಮಿ, ಆಸ್ಪರಿಯವಳು. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯೊಳಗಿನ ಎಲೆ, ಕಸ ಆರಿಸುವುದು ಅವಳ ಕೆಲಸ. ತಲೆಗೂದಲಿಗೆ ಹತ್ತಿಯ ಎಳೆಗಳು ಇನ್ನೂ ಅಂಟಿಕೊಂಡಿದ್ದವು. ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಗೋವಿಂದಪ್ಪನವರಿಗೆ ಅಂದು ಉಪವಾಸ. ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೋಗಿ ಬರೋಣವೆಂದು ಎದ್ದಿದ್ದವರು ಮತ್ತೆ ಕೂತರು.

"ಏನು ಹೋಗೈತಿ?"

"ಹಾರ್ಡ್ ಡಿಸ್ಕು ಸಾರ್," ಎಂದ ವಾಗೀಶ್. "ಕರೀದು, ಅಂಗೈಯಷ್ಟು. ಅದರಾಗ ಈಕಿ ಹಾಡು ಐತ್ರಿ."

"ಎಂಥಾ ಹಾಡು?"

"ಡಾನ್ಸ್ ಪಾಪ್ ಸಾರ್, ಫಂಕ್ ಅಂತಾರ. ಕೆಳಗ ಬೇಸ್ ಗಿಟಾರು ಕಾಲು ಹಿಡಿದು ಕುಣಸ್ತೈತಿ, ಮ್ಯಾಲೆ ಈಕಿ ದನಿ. ಸೋಲ್ ಸಿಂಗರ್ ಅಂತಾರಲ್ರಿ, ಹೊಟ್ಟಿಯೊಳಗಿಂದ ಎದ್ದು ಬರೋ ದನಿ? ಅಂಥಾದ್ದು ಈಕೀದು. ಶನಿವಾರ ಬಿಡೋದಿತ್ತು."

ಹೆಡ್ ಕಾನ್‌ಸ್ಟೇಬಲ್ ಸುಂಕಣ್ಣ ರಿಜಿಸ್ಟರಿನಿಂದ ತಲೆ ಎತ್ತಿದ. "ಮತ್ತೊಮ್ಮೆ ಹಾಡಿಸಿದ್ರ ಆತಪ್ಪಾ. ಡಿಸ್ಕೇನು, ಅಂಗಡ್ಯಾಗ ಸಿಗ್ತಾವು."

ರಾಮಲಕ್ಷ್ಮಿ ಕುತ್ತಿಗೆಯ ಸೆರಗನ್ನು ಮೆಲ್ಲಗೆ ಬಿಚ್ಚಿದಳು. ಗಂಟಲ ಬುಡದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಸುಂಕಣ್ಣ ಪೆನ್ನು ಕೆಳಗಿಟ್ಟ.

"ಶುಕ್ರವಾರ ಕರ್ನೂಲಿನಾಗ ಆಪರೇಷನ್ ಐತ್ರಿ," ಎಂದಳು. ಮಾತು ಗಾಳಿಯ ಜೊತೆ ಬಂತು. "ಗುರುವಾರ ಸಂಜಿಕಿ ಆಸ್ಪತ್ರಿ ಸೇರಬೇಕು. ಮಾತಿಗೆ ಮೋಸ ಇಲ್ಲ, ಆದ್ರ ಹಾಡೋ ದನಿ ಹಿಂಗ ಉಳಿತೈತಿ ಅಂತ ಹೇಳಾಕಾಗಲ್ಲ ಅಂದಾರ ಡಾಕ್ಟ್ರು. ಈಗ ನಾಕು ಸಾಲು ಅಂದ್ರ ಉಸಿರು ಕಟ್ಟತೈತಿ. ಡಿಸ್ಕಿನಾಗಿರೋದು ಎರಡು ತಿಂಗಳ ಹಿಂದ ಹಾಡಿದ್ದು."

"ಬ್ಯಾರೆ ಕಾಪಿ?"

ವಾಗೀಶ್ ತಲೆ ತಗ್ಗಿಸಿದ. "ಹೋದ ವಾರ ಕರೆಂಟು ಏರಿಳಿದು ಕಂಪ್ಯೂಟರ್ ಸುಟ್ಟು ಹೋತ್ರಿ. ಉಳಿದದ್ದು ಅದೊಂದ. ನನ್ನ ಫೋನಿನಾಗ ಮೊದಲನೇ ದಿನ ಪ್ರಾಕ್ಟೀಸ್ ಮಾಡೋ ಮುಂದ ಹಿಡಿದ ತುಣುಕು ಐತಿ, ಅರ್ಧ ನಿಮಿಷದ್ದು."

"ಡಿಸ್ಕು ಸಿಗಲಿಲ್ಲಾಂದ್ರ ಏನು ಮಾಡ್ತಿ?" ಗೋವಿಂದಪ್ಪ ಕೇಳಿದ್ದು ರಾಮಲಕ್ಷ್ಮಿಯನ್ನು.

"ಆಪರೇಷನ್ ಮುಂದಕ್ಕ ಹಾಕ್ತೀನ್ರಿ. ಉಸಿರು ಕಟ್ಟಿದ್ರೂ ಒಂದು ಸಲ ಹಾಡಿ, ಆಮ್ಯಾಲೆ ಹೋಗ್ತೀನಿ."

"ಈಗಾಗ್ಲೇ ಎರಡು ಸಲ ಮುಂದಕ್ಕ ಹಾಕ್ಯಾಳ ಸಾರ್," ಎಂದು ವಾಗೀಶ್ ತಗ್ಗಿದ ದನಿಯಲ್ಲಿ ಹೇಳಿದ. "ಗಂಟು ಉಸಿರಿನ ಕೊಳವಿ ಒತ್ತಾಕ ಹತ್ತೈತಿ. ಇನ್ನ ತಡ ಮಾಡಿದ್ರ ಜೀವಕ್ಕ ಕುತ್ತು ಅಂದಾರ."

ಗೋವಿಂದಪ್ಪ ಗೋಡೆಯ ಕ್ಯಾಲೆಂಡರು ನೋಡಿದರು. ನಡುವೆ ಮೂರು ದಿನ. "ಸುಂಕಣ್ಣಾ, ಎಫ್‌ಐಆರ್ ಹಾಕು."

ಐದೂ ಮುಕ್ಕಾಲಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ ೩೦೫ರಡಿ ಎಫ್‌ಐಆರ್ ದಾಖಲಾಯಿತು. ಆರೂ ಇಪ್ಪತ್ತಕ್ಕೆ ಸ್ಥಳ ಪಂಚನಾಮೆ.

ಸ್ಟುಡಿಯೋ ಇದ್ದದ್ದು ಮಂಡಿಯ ಮೇಲಿನ ಅಟ್ಟದಲ್ಲಿ. ಹೊರಗಿನಿಂದ ಮೆಟ್ಟಿಲು. ಸದ್ದು ಒಳಗೆ ಬಾರದಂತೆ ಗೋಡೆಗೆಲ್ಲ ಗೋಣಿಚೀಲ ಬಡಿದಿದ್ದರು. ಚೀಲದ ತುಂಬ ಮಿಲ್ಲಿನ ಕಸದ ಹತ್ತಿ. ಒಳಗೆ ಕಾಲಿಟ್ಟರೆ ಊರಿನ ಲಾರಿ, ಆಟೋ, ರೈಲು ಎಲ್ಲ ಒಮ್ಮೆಲೇ ಬಾಯಿ ಮುಚ್ಚಿಕೊಂಡಂತೆ, ಗರ್ಭಗುಡಿಯ ಮೌನ.

"ಎಷ್ಟೊತ್ತು ಹೊರಗಿದ್ದಿ?"

"ಕಾರ್ತಿಕ ಸೋಮವಾರ ಅಂತ ಒಂದು ಗಂಟಿಗೆ ಈಶ್ವರನ ಗುಡಿಗೆ ಹೋದೆ. ಪಾಳಿ ದೊಡ್ಡದಿತ್ತು. ಬಂದಾಗ ಎರಡೂವರಿ."

"ಬೀಗ?"

"ಚಿಲಕ ಅಷ್ಟ್ರಿ. ಕೆಳಗ ನಮ್ಮ ಅಪ್ಪಾರು ಕುಂತಿರ್ತಾರ."

ಗಿಟಾರು ಇದ್ದಲ್ಲೇ ಇತ್ತು. ಮೈಕುಗಳು, ಸ್ಪೀಕರುಗಳು, ಹೊಸ ಕೀಬೋರ್ಡು ಎಲ್ಲ ಇದ್ದವು. ಕಳ್ಳನಿಗೆ ಬೇಕಾದದ್ದು ಅದೊಂದೇ ಕರಿಯ ಡಬ್ಬಿ. ಗೋವಿಂದಪ್ಪ ಕೋಣೆಯನ್ನೊಮ್ಮೆ ಸುತ್ತಿ, ಮೂಲೆಯಲ್ಲಿದ್ದ ಹಾರ್ಮೋನಿಯಂ ಮುಂದೆ ನಿಂತರು. ಅದಕ್ಕೆ ಕೆಂಪು ಬಟ್ಟೆ ಹೊದಿಸಿ, ನಾಲ್ಕೂ ಮೂಲೆ ಸೇರಿಸಿ ಗಂಟು ಹಾಕಿ, ಗಂಟಿನ ತುದಿಗಳನ್ನು ಒಳಗೆ ಸಿಕ್ಕಿಸಿತ್ತು.

"ಇದನ್ನ ಯಾರು ಮುಚ್ಚಿದ್ರು?"

ವಾಗೀಶ್ ಕಣ್ಣು ಕಿರಿದು ಮಾಡಿದ. "ನಾನಲ್ರಿ. ನಾ ಎಂದೂ ಮುಚ್ಚೋನಲ್ಲ. ಆ ಬಟ್ಟೀಲೆ ಮೈಕಿನ ದೂಳು ಒರೆಸ್ತಿದ್ದೆ."

"ಬೆಳಿಗ್ಗಿ?"

"ತೆರೆದೇ ಇತ್ರಿ. ನಾನ ನುಡಿಸಿದ್ದೆ."

ಬಟ್ಟೆ ಬಿಚ್ಚಿಸಿ ನೋಡಿದರು. ತಿದಿ ಒತ್ತಿ ಕೊಂಡಿ ಹಾಕಿದೆ. ಸ್ವರದ ಗುಬ್ಬಿಗಳೆಲ್ಲ ಒಳಗೆ. ಮುಚ್ಚಳದ ಮೇಲೆ ಬೆರಳಗಲದ ವಿಭೂತಿ, ಮುಟ್ಟಿ ಕಣ್ಣಿಗೊತ್ತಿಕೊಂಡ ಗುರುತು. ಅದನ್ನು ಕಂಡು ಗೋವಿಂದಪ್ಪನವರಿಗೆ ತಮ್ಮ ತಂದೆ ನೆನಪಾದರು. ಭಜನೆ ಮುಗಿದ ಮೇಲೆ ತಂದೆ ಇದೇ ತರಹ ಪೆಟ್ಟಿಗೆ ಮುಚ್ಚುತ್ತಿದ್ದರು. ತೆರೆದಿಟ್ಟರೆ ಸರಸ್ವತಿಯನ್ನು ಬೀದಿಯಲ್ಲಿ ಕೂರಿಸಿದಂತೆ ಎಂದು ಮಕ್ಕಳನ್ನು ಗದರುತ್ತಿದ್ದರು. ಈ ಕೆಲಸ ಕಲಿತದ್ದಲ್ಲ, ಕೈಗೆ ಅಂಟಿದ್ದು.

"ಸುಂಕಣ್ಣಾ, ಇದೆಲ್ಲ ಪಂಚನಾಮೆಯೊಳಗ ಬರಿ. ಗಂಟಿನ ತುದಿ ಸಮೇತ."

"ಕಳ್ಳ ಪೆಟ್ಟಿಗಿ ಮುಚ್ಚಿ, ಕೈ ಮುಗಿದು ಹೋದ ಅಂತ ಬರೀಲೇನ್ರಿ ಸಾರ್? ಕೋರ್ಟಿನಾಗ ನಗ್ತಾರ."

"ನಗಲಿ. ಬರಿ."

ಮಂಗಳವಾರ ಬೆಳಿಗ್ಗೆ ಮಹಿಳಾ ಕಾನ್‌ಸ್ಟೇಬಲ್ ವಿಜಯಶ್ರೀ ಮಂಡಿಯ ಸಿಸಿಟಿವಿ ಮುಂದೆ ಕೂತಳು. ಕ್ಯಾಮೆರಾ ತೂಕದ ಕಾಟಾ ಕಡೆ ಮುಖ ಮಾಡಿತ್ತು. ಮೂಲೆಯಲ್ಲಿ ಮೆಟ್ಟಿಲಿನ ಕೆಳಗಿನ ಮೂರು ಹಂತ ಮಾತ್ರ ಕಾಣುತ್ತಿತ್ತು. ಹತ್ತಿಯ ಸುಗ್ಗಿ, ಮಂಡಿಯ ತುಂಬ ಜನ. ನೆರಳಿಗೆಂದು ಮೆಟ್ಟಿಲ ಮೇಲೆ ಕೂತವರು, ಎದ್ದವರು, ಹತ್ತಿ ಇಳಿದವರು. ಮುಖವಿಲ್ಲ, ಬರೀ ಕಾಲುಗಳು.

ಹತ್ತೂವರೆಗೆ ಡ್ರಮ್ ಬಾರಿಸುವ ತಿಪ್ಪೇಶನನ್ನು ಕರೆಸಿದರು. ವಾಗೀಶನ ಮೇಲೆ ಮುನಿಸಿಕೊಂಡು ಹದಿನೈದು ದಿನದ ಹಿಂದೆ, "ನಿನ್ನ ಹಾಡು ಹೆಂಗ ಹೊರಗ ಬರ್ತೈತಿ ನೋಡ್ತೀನಿ" ಎಂದು ಕೂಗಾಡಿ ಹೋದವನು ಅವನೇ.

"ನಿನ್ನೆ ಒಂದರಿಂದ ಎರಡೂವರಿ, ಎಲ್ಲಿದ್ದಿ?"

"ಎಮ್ಮಿಗನೂರಿನಾಗ ಸಾರ್. ಮದುವಿ ಮೆರವಣಿಗಿ. ವಿಡಿಯೋ ಐತಿ, ನೋಡ್ರಿ. ಬಿಸಲಿಗೆ ಕುದುರಿ ಕುಂತುಬಿಟ್ಟಿತ್ತು, ಮದುಮಗ ನಡಕೊಂಡು ಹೋದ."

"ಹಾಡು ಹೊರಗ ಬರಲ್ಲ ಅಂದಿದ್ದಿ?"

"ಸಿಟ್ಟಿನಾಗ ಅಂದೆ. ಆ ಹಾಡಿನ ತಾಳ ನಂದು ಸಾರ್. ಅದನ್ನ ಕದ್ದರ ನನ್ನ ಮಗನ್ನ ನಾನ ಎತ್ಕೊಂಡು ಓಡಿ ಹೋದಂಗ."

"ಹಾರ್ಮೋನಿಯಂ ಮುಚ್ಚಿ ಇಡೋ ರೂಢಿ ಐತೇನು ನಿನಗ?"

ತಿಪ್ಪೇಶ ಇನ್ಸ್‌ಪೆಕ್ಟರ ಮುಖವನ್ನೇ ನೋಡಿದ. "ನಾ ನನ್ನ ಡ್ರಮ್ಮೇ ಮುಚ್ಚಲ್ರಿ. ಮಳೀ ಬಂದ್ರ ಅದರ ಕೆಳಗ ನಾನ ಕುಂದರ್ತೀನಿ."

ವಿಡಿಯೋ ನಿಜವಾಗಿತ್ತು. ಅವನನ್ನು ಬಿಟ್ಟು ಕಳಿಸಿದರು. ಕೇಸ್ ಡೈರಿಯಲ್ಲಿ ಅವನ ಹೆಸರಿನ ಮುಂದೆ ಗೆರೆ ಬಿತ್ತು.

ಊಟದ ಹೊತ್ತಿಗೆ ಗೋವಿಂದಪ್ಪ ಒಬ್ಬರೇ ಕೂತು ವಾಗೀಶನ ಫೋನಿನ ತುಣುಕು ಕೇಳಿದರು. ಮೊದಲು ತಿಪ್ಪೇಶನ ತಾಳ, ಆಮೇಲೆ ಬೇಸು, ಅದರ ಮೇಲೆ ರಾಮಲಕ್ಷ್ಮಿಯ ದನಿ. ದಪ್ಪ, ಬೆಚ್ಚಗಿನ ದನಿ. ಬಾವಿಯ ತಳದಿಂದ ಕೊಡ ತುಂಬಿ ಮೇಲೆ ಬಂದಂತೆ.

"ಹೆಜ್ಜಿ ಇಡು ಹೆಜ್ಜಿ ಇಡು, ನೆಲ ನಿನ್ನ..."

ಅಲ್ಲಿಗೆ ನಿಂತಿತು. ಎರಡು ತಾಳ ಖಾಲಿ.

"ಕೈ ತಟ್ಟು ಕೈ ತಟ್ಟು, ಮುಗಿಲು ನಿನ್ನ..."

ಮತ್ತೆ ಖಾಲಿ. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವಾಗ, ಆ ಖಾಲಿ ಜಾಗ ಬಂದ ಕೂಡಲೇ ತಮ್ಮ ಬಾಯೇ ತಾನಾಗಿ ತೆರೆದದ್ದು ಅವರಿಗೆ ಗೊತ್ತಾಯಿತು. ಹುಡುಗನಾಗಿದ್ದಾಗ ತಂದೆಯ ಬೆನ್ನಿಗೆ ಕೂತು ಸಾವಿರ ಸಲ ಹಾಗೆ ಬಾಯಿ ತೆರೆದಿದ್ದರು. ಭಜನೆಯಲ್ಲಿ ಮುಂದೆ ಹಾಡುವವರು ಸಾಲಿನ ತುದಿಯನ್ನು ಬಿಟ್ಟುಕೊಡುತ್ತಾರೆ. ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಮುಂದಿನವರಿಗೆ ಒಂದು ಉಸಿರು ಸಿಗುತ್ತದೆ. ಹಿಂದೆ ಯಾರೂ ಇಲ್ಲದಿದ್ದರೆ ಯಾರೂ ಹಾಗೆ ಬಿಡುವುದಿಲ್ಲ.

ಎರಡೂ ಕಾಲಿಗೆ ವಿಜಯಶ್ರೀಯನ್ನು ಕರೆದುಕೊಂಡು ಜಿನ್ನಿಂಗ್ ಮಿಲ್ಲಿಗೆ ಹೋದರು. ರಾಮಲಕ್ಷ್ಮಿ ಹತ್ತಿಯ ರಾಶಿಯಿಂದೆದ್ದು ಹೊರಗೆ ಬಂದಳು.

"ಸಾಲಿನ ಕೊನೀ ಮಾತು ನೀ ಯಾಕ ಹಾಡಿಲ್ಲ?"

"ಅಲ್ಲಿ ಕಂಪ್ಯೂಟರಿನ ದನಿ ಬರ್ತೈತ್ರಿ."

"ಅದು ಆಮ್ಯಾಲೆ ಕೂಡಿಸಿದ್ದು. ನೀ ಹಾಡೋ ಮುಂದ ಆ ಜಾಗ ಯಾರಿಗೆ ಬಿಟ್ಟಿದ್ದಿ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದಳು.

"ಎಷ್ಟು ವರ್ಷದಿಂದ ಎತ್ಕೋತಾರ ಅವರು?"

"ಹದಿನಾರು," ಎಂದಳು.

"ಹೆಸರು?"

"ಲಿಂಗಕ್ಕ."

ಆಮೇಲೆ ಮಾತು ತಾನೇ ಬಂತು. ಲಿಂಗಕ್ಕ ಆಸ್ಪರಿಯಲ್ಲಿ ಅವಳ ಮನೆಯ ಮಗ್ಗುಲವಳು, ಗಂಡ ಇಲ್ಲ, ಮಕ್ಕಳಿಲ್ಲ. ತತ್ವಪದ ಕಲಿಸಿದವಳೂ ಆಕೆಯೇ. ಕಲಿಸಿದ ಮೇಲೆ ಶಿಷ್ಯಳನ್ನು ಮುಂದೆ ಕೂರಿಸಿ, ತಾನು ಹಿಂದೆ ಕೂತಳು. ಸ್ಟುಡಿಯೋಕ್ಕೆ ಮೊದಲನೇ ದಿನ ರಾಮಲಕ್ಷ್ಮಿ ಒಬ್ಬಳೇ ಹೋಗಿದ್ದಳು; ಮುಂದಿನ ಎರಡು ದಿನ ಲಿಂಗಕ್ಕನೂ ಜೊತೆಗೆ ಬಂದಳು. ಇಬ್ಬರೂ ಹಾಡಿದರು. ಮೂರನೆಯ ದಿನ ವಾಗೀಶ್, "ದೊಡ್ಡಾಕಿ ದನಿ ತೇದು ಹೋಗೈತಿ, ಆ ಜಾಗ ಕಂಪ್ಯೂಟರಿನಾಗ ತುಂಬಿಸ್ತೀನಿ" ಎಂದ.

"ಆಕಿ ಏನಂದಳು?"

"ಏನೂ ಅನ್ಲಿಲ್ರಿ. ಚೀಲ ತಗೊಂಡು ಬಸ್ಸಿಗೆ ಹೋದಳು. ನಾ ಬ್ಯಾಡ ಅನಬೇಕಿತ್ತು. ಅನ್ಲಿಲ್ಲ. ಆವತ್ತಿನಿಂದ ಭಜನಿಗೂ ಹೋಗಿಲ್ಲ ನಾ."

"ಆಪರೇಷನ್ ವಿಷಯ ಗೊತ್ತೇನು ಆಕಿಗೆ?"

"ಯಾವ ಮಾರಿ ಇಟ್ಕೊಂಡು ಹೇಳ್ಲಿ?" ಎಂದವಳು ಒಮ್ಮೆಲೇ ತಲೆ ಎತ್ತಿದಳು. "ಆಕಿ ಕಳ್ಳಿ ಅಲ್ರಿ ಸಾರ್."

ಠಾಣೆಗೆ ಮರಳಿದ ಕೂಡಲೇ ವಿಜಯಶ್ರೀ ಸಿಸಿಟಿವಿಯನ್ನು ಮತ್ತೆ ಮೊದಲಿನಿಂದ ಹಾಕಿದಳು. ಈ ಸಲ ಹೆಂಗಸರ ಕಾಲು ಮಾತ್ರ ನೋಡಿದಳು. ಐದೂವರೆಗೆ ಕೂಗಿದಳು: "ಸಾರ್, ಬರ್ರಿ! ಮಿಕ್ಕವರೆಲ್ಲ ಚಪ್ಪಲಿ ಹಾಕ್ಕೊಂಡೇ ಹತ್ಯಾರ. ಈಕಿ ಒಬ್ಬಾಕಿ ಮೆಟ್ಟಿಲ ಬುಡಕ್ಕ ಬಿಟ್ಟು ಹತ್ಯಾಳ. ಗುಡಿ ಹತ್ತಿದಂಗ."

ಒಂದೂ ನಲವತ್ತೆರಡಕ್ಕೆ ಹತ್ತಿದ ಬರಿಗಾಲು. ಒಂದೂ ಐವತ್ತಾರಕ್ಕೆ ಇಳಿದದ್ದು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಜೀಪು ಆಸ್ಪರಿ ಸೇರಿತು. ಲಿಂಗಕ್ಕನ ಮನೆಗೆ ಬೀಗ. ಸೋಮವಾರ ಸಂಜೆಯೇ ತವರಿಗೆ ಹೋದಳೆಂದು ಎದುರು ಮನೆಯವರು ಹೇಳಿದರು. ತವರು ಎಂದರೆ ಹಾಲಹರವಿ, ಬಳ್ಳಾರಿ ಗಡಿಯ ಊರು. ದಾರಿಯಲ್ಲಿ ಜೀಪಿನ ಟೈರು ಪಂಚರಾಗಿ ಎರಡು ಗಂಟೆ ಹೋಯಿತು. ಸುಂಕಣ್ಣ ಗಡಿಯಾರ ನೋಡಿದ.

"ಹೊತ್ತು ಮುಳುಗಿದ ಮ್ಯಾಲೆ ಹೆಣ್ಮಗಳನ್ನ ಅರೆಸ್ಟ್ ಮಾಡಂಗಿಲ್ಲ ಸಾರ್. ನಾಳೆ ಬರೋಣೇನ್ರಿ?"

"ನಾಳೆ ಸಂಜಿಕಿ ಆ ಹುಡುಗಿ ಆಸ್ಪತ್ರ್ಯಾಗ ಇರಬೇಕು. ನಡಿ."

ಮೂರೂ ಐವತ್ತಕ್ಕೆ ಲಿಂಗಕ್ಕನ ತಮ್ಮನ ಮನೆ ಮುಟ್ಟಿದರು. ಸಾಕ್ಷಿಗೆ ಪಂಚರೆಂದು ಊರಿನ ಶಾಲಾ ಮಾಸ್ತರರನ್ನೂ ಕಂದಾಯದ ವಿ.ಆರ್.ಓ. ಅವರನ್ನೂ ಕರೆಸಿದರು. ಲಿಂಗಕ್ಕ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅರವತ್ತರ ಹತ್ತಿರದ, ಸಣಕಲು ಮೈಯ ಹೆಂಗಸು, ಹಣೆ ತುಂಬ ವಿಭೂತಿ. ಪೊಲೀಸರನ್ನು ಕಂಡು ತಲೆ ಎತ್ತಿದಳು, ಹೆದರಲಿಲ್ಲ.

"ಸೋಮವಾರ ಮಧ್ಯಾಹ್ನ ಎಲ್ಲಿದ್ದಿ ಅಕ್ಕಾ?"

"ಗುಡಿಗೆ ಹೋಗಿದ್ದೆ. ಆದವಾನಿಗೆ."

"ಗುಡಿ ಆದ ಮ್ಯಾಲೆ?"

"ಬಸ್ಸಿಗೆ."

"ವಾಗೀಶನ ಸ್ಟುಡಿಯೋಕ್ಕ ಹೋಗಿಲ್ಲ?"

"ಅಲ್ಲೇನೈತಿ ನನಗ?"

"ಡಿಸ್ಕು ತಗೊಂಡಿಲ್ಲ?"

"ಅದೆಂಥಾದ್ದು ಅಂತ ಸುದ್ದಾ ಗೊತ್ತಿಲ್ಲ ನನಗ."

ದನಿ ತಡವರಿಸಲಿಲ್ಲ, ಕೈ ಶೇಂಗಾ ಸುಲಿಯುವುದನ್ನೂ ನಿಲ್ಲಿಸಲಿಲ್ಲ. ಗೋವಿಂದಪ್ಪ ಕಟ್ಟೆಯ ಮೇಲೆ ಕೂತು ಒಂದು ಲೋಟ ನೀರು ಕೇಳಿ ಕುಡಿದರು. ಲೋಟ ಕೆಳಗಿಟ್ಟು, ಬೇರೇನೋ ನೆನಪಾದವರಂತೆ ಮೆಲ್ಲಗೆ ಹೇಳಿದರು.

"ಹೋಗ್ಲಿ ಬಿಡು. ಒಂದು ತಪ್ಪು ಮಾತ್ರ ಆಗೈತಿ. ಆವತ್ತು ಬಂದವರು ಯಾರೋ, ಹಾರ್ಮೋನಿಯಂ ಹಂಗ ತೆರೆದು ಬಿಟ್ಟು ಹೋಗ್ಯಾರ. ತಿದಿಗೆಲ್ಲ ದೂಳು."

ಲಿಂಗಕ್ಕನ ಕೈ ನಿಂತಿತು. "ಸುಳ್ಳು! ನಾನ ಮುಚ್ಚಿ ಬಂದೀನಿ! ಸರಸ್ವತಿ ಬಾಯಿ ತೆರಕೊಂಡು ಕುಂತಿತ್ತು, ಮ್ಯಾಲಿನ ಬಟ್ಟಿ ಕಾಲಾಗ ಬಿದ್ದಿತ್ತು. ಝಾಡಿಸಿ, ಗಂಟು ಹಾಕಿ..."

ಸುಂಕಣ್ಣ, ಕೋರ್ಟಿನಲ್ಲಿ ನಗುತ್ತಾರೆಂದು ತಾನೇ ಹೇಳಿದ್ದ ಪಂಚನಾಮೆಯನ್ನು ಚೀಲದಿಂದ ಹೊರಗೆ ತೆಗೆದ. ಲಿಂಗಕ್ಕ ಮಡಿಲಿನ ಶೇಂಗಾ ಕೆಳಗೆ ಸುರಿದು, ಕೂತಲ್ಲೇ ಗೋಡೆಗೆ ಒರಗಿದಳು.

"ಮುಚ್ಚಿದ್ದು ಖರೆ ಅಕ್ಕಾ," ಎಂದರು ಗೋವಿಂದಪ್ಪ. "ಚಂದ ಮುಚ್ಚಿದ್ದಿ. ಈಗ ಡಿಸ್ಕು ಎಲ್ಲೈತಿ ಹೇಳು."

"ಹೇಳಂಗಿಲ್ಲ. ಹಾಡಿದ್ದೆಲ್ಲ ಅದರಾಗ ಐತಿ ಅಂತ ಆ ಹುಡುಗನ ತೋರಿಸಿದ್ದ. ಕೊಟ್ಟರ ಅಳಸ್ತಾನ. ಹುಡುಕ್ಕೋರಿ, ಮನಿ ಕೆಡವ್ರಿ. ನಾ ಹೇಳಂಗಿಲ್ಲ."

"ರಾಮಲಕ್ಷ್ಮಿ ಕೊರಳಾಗ ಗಂಟು ಆಗೈತಿ. ನಾಡಿದ್ದು ಶುಕ್ರವಾರ ಕೊಯ್ತಾರ. ಆಮ್ಯಾಲೆ ಹಾಡೋ ದನಿ ಬರ್ತೈತೋ ಇಲ್ಲೋ ಗೊತ್ತಿಲ್ಲ. ಡಿಸ್ಕು ಸಿಗದಿದ್ರ ಆಪರೇಷನ್ ಬಿಟ್ಟು ಇನ್ನೊಮ್ಮೆ ಹಾಡ್ತೀನಿ ಅಂತ ಕುಂತಾಳ. ಹಾಡಿದ್ರ ಉಳಿಯಂಗಿಲ್ಲ."

ಲಿಂಗಕ್ಕ ಅವರ ಮುಖವನ್ನು ನೋಡಿದಳು, ವಿಜಯಶ್ರೀಯ ಮುಖ ನೋಡಿದಳು. ವಿಜಯಶ್ರೀ ಹೌದೆಂದು ತಲೆಯಾಡಿಸಿದಳು. ಮುದುಕಿ ಗೋಡೆ ಹಿಡಿದು ಎದ್ದು ಒಳಗೆ ನಡೆದಳು. ಪಂಚರು ಹಿಂದೆ ಹೋದರು. ದೇವರ ಜಗುಲಿಯ ಮೇಲೆ, ಲಿಂಗದ ಮಗ್ಗುಲಲ್ಲಿ, ಬಿಳಿ ವಸ್ತ್ರ ಸುತ್ತಿದ ಕರಿಯ ಡಬ್ಬಿ. ಮುಂದೆ ಊದಿನಕಡ್ಡಿಯ ಬೂದಿ, ಒಂದು ಚೆಂಡು ಹೂವು.

"ಹಾಳು ಮಾಡಿಲ್ರಿ," ಎಂದಳು. "ಎರಡು ಹೊತ್ತು ದೀಪ ಹಚ್ಚೀನಿ."

"ಹಾರ್ಡ್ ಡಿಸ್ಕಿಗೆ ಪೂಜಿ," ಎಂದು ಸುಂಕಣ್ಣ ಗೊಣಗಿದ. ಆದರೂ ಜಗುಲಿಯ ಮುಂದೆ ಬೂಟು ಕಳಚಿಯೇ ನಿಂತಿದ್ದ.

ನಾಲ್ಕೂ ನಲವತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಐದೂ ಐದಕ್ಕೆ, ಹೊಲದಾಚೆ ಬಿಸಿಲು ಇನ್ನೂ ಇರುವಾಗಲೇ, ವಿಜಯಶ್ರೀ ಲಿಂಗಕ್ಕನನ್ನು ಬಂಧಿಸಿದಳು. ತಮ್ಮನಿಗೆ ಕಾಗದ ಕೊಟ್ಟು ಸಹಿ ಪಡೆದರು. ಕೈಗೆ ಬೇಡಿ ಹಾಕಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯಲ್ಲಿ ಗುರುತಿಸುವ ಪಂಚನಾಮೆ. ಡಿಸ್ಕಿನಲ್ಲಿ ಇರುವುದು ಅದೇ ಹಾಡೇ ಎಂದು ಪಂಚರ ಮುಂದೆ ಕೇಳಿಸಿ ಬರೆಯಬೇಕು. ವಾಗೀಶ್ ಠಾಣೆಯ ಲ್ಯಾಪ್‌ಟಾಪಿಗೆ ಡಿಸ್ಕು ಜೋಡಿಸಿದ. ರಾಮಲಕ್ಷ್ಮಿ ಆಸ್ಪತ್ರೆಯ ಚೀಲ ಹೆಗಲಿಗೇರಿಸಿಯೇ ಬಂದಿದ್ದಳು. ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಲಿಂಗಕ್ಕ. ಒಬ್ಬರನ್ನೊಬ್ಬರು ನೋಡಲಿಲ್ಲ.

ಪರದೆಯ ಮೇಲೆ ಎರಡು ಹಾಡುಗಳು ಕಂಡವು.

"ಯಾವುದು ಹಾಕ್ಲಿ ಸಾರ್? ಒಂದು ಬಿಡುಗಡೀಗೆ ಮಾಡಿದ್ದು, ಇನ್ನೊಂದು ಮೊದಲಿಂದು."

"ಮೊದಲಿಂದು ಹಾಕು," ಎಂದರು ಗೋವಿಂದಪ್ಪ.

ತಾಳ ಎದ್ದಿತು. ಬೇಸು ಅದರ ಬೆನ್ನಿಗೆ ಬಿತ್ತು. ಬಾಗಿಲ ಬಳಿಯ ಕಾನ್‌ಸ್ಟೇಬಲನ ಹಿಮ್ಮಡಿ ತಾನಾಗಿ ಅಲುಗತೊಡಗಿತು. ರಾಮಲಕ್ಷ್ಮಿಯ ದನಿ ಬಂತು: "ಹೆಜ್ಜಿ ಇಡು ಹೆಜ್ಜಿ ಇಡು, ನೆಲ ನಿನ್ನ..." ಅವಳು ಬಿಟ್ಟ ಜಾಗದಿಂದ ಇನ್ನೊಂದು ದನಿ ಎದ್ದಿತು. ಹಳೆಯದು, ತುಸು ಬಿರಿದದ್ದು, ಒಂದು ಕೂದಲೆಳೆಯೂ ತಾಳ ತಪ್ಪದ್ದು: "ಕೇಳ್ತೈತಿ!"

ತನ್ನ ದನಿಯನ್ನು ಹೊರಗಿನಿಂದ ಲಿಂಗಕ್ಕ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಯಾರದೋ ಮಾತು ಆಲಿಸುವವಳಂತೆ ಕೂತಿದ್ದಳು. ಹಾಡು ಮುಗಿದ ಮೇಲೂ ವಾಗೀಶ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹಾಡಿದವರು?" ಬರೆಯುತ್ತಿದ್ದ ಸುಂಕಣ್ಣ ಕೇಳಿದ.

"ರಾಮಲಕ್ಷ್ಮಿ," ಎಂದ ವಾಗೀಶ್.

"ಇನ್ನೊಂದು ದನಿ ಯಾರದು?" ಗೋವಿಂದಪ್ಪ ಕೇಳಿದರು.

ವಾಗೀಶ್ ಪರದೆಯಿಂದ ಬೆಂಚಿನ ಕಡೆ ತಿರುಗಿದ. "ಲಿಂಗಕ್ಕ ಅವರದ್ರಿ."

"ಬರಿ ಸುಂಕಣ್ಣಾ."

ಪಂಚನಾಮೆ ತೆಲುಗಿನಲ್ಲಿತ್ತು. ಲಿಂಗಕ್ಕನಿಗೆ ಯಾವ ಓದೂ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಕೇಳಿದಳು, "ನನ್ನ ಹೆಸರು ಎಲ್ಲೈತಿ ತೋರಸ್ರಿ." ವಿಜಯಶ್ರೀ ಎರಡು ಕಡೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಆರೋಪಿ ಅಂತ ಐತಿ. ಇಲ್ಲಿ ಹಾಡಿದವರು ಅಂತ." ಲಿಂಗಕ್ಕ ಎರಡನೆಯದರ ಮೇಲೆ ಕೈಯಾಡಿಸಿ, ಕಾಗದವನ್ನು ಮರಳಿ ಕೊಟ್ಟಳು.

ಹತ್ತೂವರೆಗೆ ಕೋರ್ಟಿಗೆ ಹೊರಟರು. ರಾಮಲಕ್ಷ್ಮಿಯ ಬಸ್ಸು ಹನ್ನೊಂದಕ್ಕೆ. ಠಾಣೆಯ ಮೆಟ್ಟಿಲ ಮೇಲೆ ಅವಳು ಬಗ್ಗಿ ಲಿಂಗಕ್ಕನ ಕಾಲು ಮುಟ್ಟಿದಳು.

"ನನಗ ಯಾಕ ಹೇಳಲಿಲ್ಲವ್ವಾ?" ಲಿಂಗಕ್ಕ ಕೇಳಿದಳು.

"ತಪ್ಪಾತು ಅಕ್ಕಾ."

"ನಂದೂ ಆತು." ಲಿಂಗಕ್ಕ ಸೊಂಟದ ಚೀಲದಿಂದ ವಿಭೂತಿ ತೆಗೆದು, ಹುಡುಗಿಯ ಗಂಟಲಿನ ಗಂಟಿನ ಮೇಲೆ ಮೂರು ಬೆರಳೆಳೆದಳು. "ಹೋಗಿ ಬಾ. ದನಿ ಬರಲಿಲ್ಲಾಂದ್ರ ಮುಂದ ನಾ ಹಾಡ್ತೀನಿ. ನೀ ಹಿಂದ ಕುಂತು ತುದಿ ಎತ್ಕೋ, ಅಷ್ಟು ಸಾಕು."

ಜೀಪು ಕೋರ್ಟಿನ ಕಡೆ ತಿರುಗಿತು, ಆಟೋ ಬಸ್ ನಿಲ್ದಾಣದ ಕಡೆ. ಜಾಮೀನಿಗೆ ತಾನೇ ನಿಲ್ಲುತ್ತೇನೆಂದು ವಾಗೀಶ್ ಜೀಪಿನ ಹಿಂದೆ ಬೈಕು ಹಾಕಿದ್ದ.

ಆ ದಿನದ ಕೇಸ್ ಡೈರಿಯಲ್ಲಿ, ಕೃತ್ಯಕ್ಕೆ ಕಾರಣ ಎಂಬಲ್ಲಿ, ಗೋವಿಂದಪ್ಪ ಹೀಗೆ ಬರೆದರು: ಆರೋಪಿಯು ಸದರಿ ಡಿಸ್ಕನ್ನು ಮಾರುವುದಕ್ಕಾಗಲಿ ಹಾಳುಮಾಡುವುದಕ್ಕಾಗಲಿ ತೆಗೆದುಕೊಂಡಿರುವುದಿಲ್ಲ. ಅದರಲ್ಲಿ ತನ್ನ ದನಿ ಇದ್ದು, ಅದನ್ನು ಅಳಿಸಿಬಿಡುವರೆಂದು ಅಂಜಿ ತೆಗೆದುಕೊಂಡಿರುತ್ತಾಳೆ.